ಅಪ್ಪನ ಮಾತಿಗೆ ಸಾಕಾಗುವಷ್ಟು ಕರೆಂಟು

ಯಾವುದಾದರೂ ವಸ್ತುವಿನ ತೂಕ ನೋಡುವಾಗ ಅವರ ಹಣೆಯ ಮೂರು ವಿಭೂತಿ ಪಟ್ಟೆಗಳೂ ಒಟ್ಟಿಗೆ ಮೇಲೇರುತ್ತಿದ್ದವು. ಕಣ್ಣು ಮುಚ್ಚಿ, ಅಂಗೈಯ ಮೇಲಿನ ತಗಡಿನ ಡಬ್ಬವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುವರು. ಹಣೆಯಿಂದ ಉದುರಿದ ಬೂದಿ ಗಾಜಿನ ಮೇಜಿನ ಮೇಲೆ, ಕೆಲವೊಮ್ಮೆ ಬಿಚ್ಚಿಟ್ಟ ಕಂಪ್ಯೂಟರಿನ ಹೊಟ್ಟೆಯೊಳಗೇ ಬೀಳುತ್ತಿತ್ತು. ಕಣ್ಣು ತೆರೆದವರು ಮೊದಲು ಹಳೆಯ ಶೇವಿಂಗ್ ಬ್ರಷ್ಷಿನಿಂದ ಆ ಬೂದಿಯನ್ನು ಗುಡಿಸಿ, ಆಮೇಲೆ ತೀರ್ಪು ಕೊಡುವರು. "ಇದು ಆಗತ್ತೆ." ಇಲ್ಲವಾದರೆ, "ಇದರೊಳಗೆ ಗಾಳಿ ಬಿಟ್ರೆ ಎಂತದೂ ಇಲ್ಲ."

ಆ ಡಬ್ಬ ಕಂಪ್ಯೂಟರಿನ ಪವರ್ ಸಪ್ಲೈ. ಗೋಡೆಯ ಪ್ಲಗ್ಗಿನಿಂದ ಬಂದ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹದಕ್ಕೆ ಇಳಿಸಿ ಹಂಚುವ ಪೆಟ್ಟಿಗೆ. ಕಂಪ್ಯೂಟರ್ ಕೊಳ್ಳಲು ಬಂದವರು ಪರದೆ ಎಷ್ಟು ದೊಡ್ಡದು, ಹಾಡು ಕೇಳುತ್ತದೆಯೇ ಎಂದು ವಿಚಾರಿಸುತ್ತಿದ್ದರೇ ಹೊರತು ಈ ಡಬ್ಬದ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಕೇಳದಿದ್ದರೂ ಅವರು ಹೇಳುತ್ತಿದ್ದರು.

ಅವರನ್ನು ನಾನು ಅಂಗಡಿಯಣ್ಣ ಎಂದು ಕರೆಯುತ್ತಿದ್ದೆ. ಮೂಡಿಗೆರೆ ಪೇಟೆಯಲ್ಲಿ ಅವರ ತಂದೆಯ ಕಾಲದಿಂದಲೂ ಪಂಪ್‌ಸೆಟ್ಟು, ಸ್ಪ್ರೇಯರ್ ಬಿಡಿಭಾಗ, ರಬ್ಬರ್ ಪೈಪು ಮಾರುವ ಅಂಗಡಿ ಇತ್ತು. ಡಿಪ್ಲೊಮಾ ಮುಗಿಸಿ ಬಂದ ಇವರು ತೊಂಬತ್ತರ ದಶಕದ ಕೊನೆಗೆ ಅಂಗಡಿಯ ನಡುವೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿ, ಒಂದು ಅರ್ಧದಲ್ಲಿ ಕಂಪ್ಯೂಟರ್ ಜೋಡಿಸಲು ಕೂತರು. ಇನ್ನೊಂದು ಅರ್ಧದಲ್ಲಿ ಕೂರುತ್ತಿದ್ದ ಅವರ ಅಣ್ಣ ಗಿರಾಕಿಗಳ ಮುಂದೆ ನಗುತ್ತಿದ್ದರು. "ಈ ಕಡೆ ಅಂಗಡಿ, ಆ ಕಡೆ ಮಠ. ನಮ್ಮ ತಮ್ಮ ಸಾಮಾನು ಮಾರಲ್ಲ, ಪ್ರವಚನ ಕೊಡ್ತಾನೆ." ಮಾತು ಪೂರ್ತಿ ಸುಳ್ಳಲ್ಲ. ಹಗುರವಾದ ಪವರ್ ಸಪ್ಲೈ ಇರುವ ಅಂದದ ಕ್ಯಾಬಿನೆಟ್ಟೇ ಬೇಕೆಂದು ಹಟ ಹಿಡಿದವರನ್ನು ಇವರು ಚಿಕ್ಕಮಗಳೂರಿನ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳಿ ಕಳಿಸಿಬಿಡುತ್ತಿದ್ದರು. ಹೇಳಿದ ದಿನಕ್ಕೆ ಯಾವ ಕಂಪ್ಯೂಟರನ್ನೂ ಕೊಟ್ಟವರಲ್ಲ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಅಪ್ಪನ ಆಪರೇಷನ್ ಆದ ಮೇಲೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಣಕಲ್ ಹತ್ತಿರದ ನಮ್ಮ ತೋಟದ ಮನೆಗೆ ಮರಳಿದ್ದೆ. ಮಂಗಳೂರಿನ ವೈದ್ಯರು ಅಪ್ಪನ ಜೀವ ಉಳಿಸಲು ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದರು. ಈ ಗುಡ್ಡದಲ್ಲಿ ನಿಂತು ಆ ಗುಡ್ಡದ ಆಳುಗಳನ್ನು ಕೂಗಿ ಕರೆಯುತ್ತಿದ್ದ ಮನುಷ್ಯ ಅಪ್ಪ. ಬರೆದು ಹೇಳೋಣವೆಂದರೆ ಕೈ ನಡುಕ ಎಷ್ಟೋ ವರ್ಷದಿಂದ ಇತ್ತು. ಬರೆದದ್ದು ಅವರಿಗೇ ಓದಲು ಬರುತ್ತಿರಲಿಲ್ಲ. ನಾವು ತಂದುಕೊಟ್ಟ ಸ್ಲೇಟನ್ನು ಅಂಗಳಕ್ಕೆ ಎಸೆದರು. ಎಸೆದರು ಎಂದು ಬರೆದೆ. ಅಮ್ಮನನ್ನು ಕೇಳಿದರೆ ಮೆಲ್ಲಗೆ ಮೆಟ್ಟಿಲ ಮೇಲಿಟ್ಟರು ಎನ್ನುತ್ತಾಳೆ. ಇಬ್ಬರೂ ಒಂದೇ ಜಗಲಿಯಲ್ಲಿ ನಿಂತಿದ್ದೆವು.

ಒಂದು ಬೆರಳಿನಿಂದ ಗುಂಡಿ ಒತ್ತಲು ನಡುಕ ಅಷ್ಟು ಅಡ್ಡಿಯಾಗದು, ಪರದೆಯ ಮೇಲೆ ದೊಡ್ಡ ಅಕ್ಷರ ಮೂಡಿದರೆ ಸುತ್ತ ಕೂತವರು ಓದಿಕೊಳ್ಳಬಹುದು ಎಂದು ನನಗೆ ಹೊಳೆದಿತ್ತು. ಅಂಗಡಿಯಣ್ಣ ಎಲ್ಲರಿಗೂ ಕೇಳುವ ಹಾಗೆ ಎಂತ ಕೆಲಸಕ್ಕೆ ಎಂದು ಕೇಳಿದರು. ನಮ್ಮಪ್ಪ ಮಾತಾಡಲು ಎಂದೆ. ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಪೂರ್ತಿ ಹೇಳಮ್ಮ ಎಂದು ಸ್ಟೂಲು ತೋರಿಸಿದರು.

ಆವತ್ತು ನನಗೂ ಪ್ರವಚನ ಆಯಿತು. ಕಂಪ್ಯೂಟರಿಗೆ ಎಷ್ಟು ಹಸಿವು ಎಂದು ಮೊದಲು ಕೂಡಿಸಬೇಕು. ಪ್ರೊಸೆಸರ್ ಎಲ್ಲಕ್ಕಿಂತ ಹೆಚ್ಚು ತಿನ್ನುತ್ತದೆ. ಹಾರ್ಡ್‌ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ ಒಂದು ತುತ್ತು ಜಾಸ್ತಿ ಕೇಳುತ್ತದೆ. ಸಿ.ಡಿ. ಡ್ರೈವ್, ಫ್ಯಾನು ಎಲ್ಲ ಸೇರಿಸಿ ಬಂದ ಮೊತ್ತಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ತಾಕತ್ತಿನ ಸಪ್ಲೈ ಹಾಕಿದರೆ ಅದು ತಣ್ಣಗಿದ್ದು ವರ್ಷಗಟ್ಟಲೆ ದುಡಿಯುತ್ತದೆ. ಪೂರ್ತಿ ಹೊರೆ ಹೊರಿಸಿದರೆ ಕಾದು ಬೇಗ ಮುದಿಯಾಗುತ್ತದೆ. ಹಾಗಾದರೆ ನಾನೂರು ವ್ಯಾಟ್ ಎಂದು ಬರೆದದ್ದನ್ನೇ ಹಾಕಿ ಎಂದೆ. ಕಪಾಟಿನಿಂದ ಅಂಥದೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ತೀರಾ ಹಗುರ. ಮುನ್ನೂರು ಎಂದು ಬರೆದ ಇನ್ನೊಂದನ್ನು ಕೊಟ್ಟರು. ತೋಳು ಜಗ್ಗಿತು.

"ಸ್ಟಿಕರ್ ಮೇಲಿರೋದು ಹಣ್ಣಿನ ತೂಕ ಅಮ್ಮ. ಪಲ್ಪ್ ಮಾಡಿ, ಒಣಗಿಸಿ, ಹೊಟ್ಟು ತೆಗೆದ ಮೇಲೆ ಬೀಜ ಎಷ್ಟು ಉಳಿಯತ್ತೆ ಅದನ್ನ ನೋಡ್ಬೇಕು."

ಕಾಫಿ ಬೆಳೆಯುವವರ ಮಗಳಿಗೆ ಅದಕ್ಕಿಂತ ಹೆಚ್ಚು ವಿವರಿಸಬೇಕಾಗಿರಲಿಲ್ಲ. ಒಳಗೆ ತಾಮ್ರವೂ ಬಿಸಿ ಹೀರುವ ಲೋಹದ ಪಟ್ಟಿಯೂ ಇದ್ದರೆ ಭಾರ ಇದ್ದೇ ಇರುತ್ತದೆ, ಕಡಿಮೆ ಹಾಕಿ ಹೆಚ್ಚು ಬರೆದದ್ದು ಕೈಗೆ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕ. ಭಾರ ಒಂದೇ ಸಾಲದು, ಯಾವ ತಂತಿಗೆ ಎಷ್ಟು ಕೊಡಬಲ್ಲದು ಎಂಬುದನ್ನೂ ನೋಡಬೇಕು ಎಂದು ಸ್ಟಿಕರಿನ ಸಣ್ಣ ಅಕ್ಷರಗಳನ್ನು ತೋರಿಸಿದರು. ಅದೆಲ್ಲ ಆವತ್ತೇ ಅರ್ಥವಾಯಿತೋ, ಆಮೇಲೆ ಕೇಳಿ ಕೇಳಿ ಆವತ್ತಿನದೆಂದು ನೆನಪಿಗೆ ಸೇರಿಸಿಕೊಂಡೆನೋ ಗೊತ್ತಿಲ್ಲ.

ನಾನು ಕೂತಿದ್ದಾಗಲೇ ಅತ್ತಿಗುಂಡಿ ಕಡೆಯ ಪ್ಲಾಂಟರೊಬ್ಬರು ಸುಟ್ಟ ಸಪ್ಲೈ ಒಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಮಳೆಗಾಲದಲ್ಲಿ ಬೂಸ್ಟು ಹಿಡಿಯಬಾರದೆಂದು ಬೀರುವಿನೊಳಗೆ ಬಲ್ಬು ಉರಿಸಿಡುವುದು ನಮ್ಮ ಕಡೆಯ ಮನೆಗಳ ರೂಢಿ. ಅವರು ಕಂಪ್ಯೂಟರನ್ನೂ ಹಾಗೇ ಬೀರುವಿನಲ್ಲಿಟ್ಟು, ಪಕ್ಕಕ್ಕೆ ಬಲ್ಬು ಹಾಕಿ, ಬಾಗಿಲು ಮುಚ್ಚಿ, ತಂತಿಯನ್ನು ಸಂದಿಯಿಂದ ಹೊರಗೆ ಎಳೆದು ಬಳಸುತ್ತಿದ್ದರು. ಮಗಳ ಮದುವೆ ಸೀರೆಗೂ ಅಷ್ಟು ಜೋಪಾನ ಮಾಡಿರಲಿಲ್ಲ ಎಂದು ಅವರಿಗೆ ಸಿಟ್ಟು. ಅಂಗಡಿಯಣ್ಣ ಆ ಡಬ್ಬದ ಫ್ಯಾನನ್ನು ಬೆರಳಿನಿಂದ ತಿರುಗಿಸುತ್ತಾ, "ಸೀರೆ ಉಸಿರಾಡಲ್ಲ ಗೌಡ್ರೆ, ಇದು ಉಸಿರಾಡತ್ತೆ" ಎಂದರು. ಆ ಗೌಡರು ನಕ್ಕರು ಎಂದು ನೆನಪು. ನಗದೆಯೂ ಇದ್ದಿರಬಹುದು.

ಅಪ್ಪನ ಕಂಪ್ಯೂಟರ್ ಅವರು ಹೇಳಿದ ದಿನ ಬರಲಿಲ್ಲ, ಆದರೆ ಬಂತು. ಭಾರದ ಮುನ್ನೂರು ವ್ಯಾಟಿನ ಸಪ್ಲೈ, ಜೊತೆಗೆ ಒಂದು ಯು.ಪಿ.ಎಸ್. ಕೀಲಿಗಳ ಮೇಲೆ ಕನ್ನಡ ಅಕ್ಷರಗಳ ಚೀಟಿಗಳನ್ನು ಅವರೇ ಅಂಟಿಸಿದ್ದರು. ಅಪ್ಪ ಎಡಗೈ ತೋರುಬೆರಳನ್ನು ಕೊಕ್ಕಿನಂತೆ ಮಾಡಿ ಕುಟ್ಟಲು ಕಲಿತರು. ತಿಂಗಳುಗಟ್ಟಲೆ ಮೌನದ ನಂತರ ಅವರು ಆಡಿದ ಮೊದಲ ಮಾತು, ಆಪರೇಷನ್ ಆದಂದಿನಿಂದ ಕಾಫಿಗೆ ಸಕ್ಕರೆ ಕಮ್ಮಿ ಹಾಕುತ್ತಿರುವುದು ಯಾರು ಎಂಬುದು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಆಮೇಲೆ ಅಲ್ಲಿಂದಲೇ ಜಗಳಕ್ಕೆ ನಿಂತಳು. ಮನೆ ಮತ್ತೆ ಮನೆಯಾಯಿತು.

ಅಷ್ಟರಲ್ಲಿ ಕೊಯ್ಲು ಬಂತು. ಹಗಲು ಕೊಯ್ದ ಹಣ್ಣನ್ನು ಅದೇ ಸಂಜೆ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು, ಇಟ್ಟರೆ ಹುಳಿಯಾಗುತ್ತದೆ. ಹಾಗಾಗಿ ಸುತ್ತಲ ತೋಟಗಳ ಪಲ್ಪರ್ ಮೋಟಾರುಗಳೆಲ್ಲ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ತಿರುಗುತ್ತಿದ್ದವು. ನಮ್ಮ ಮನೆಯ ಬಲ್ಬುಗಳು ಕೆಂಡದ ಬಣ್ಣಕ್ಕೆ ಇಳಿಯುತ್ತಿದ್ದವು. ಯು.ಪಿ.ಎಸ್. ಸ್ವಲ್ಪ ಹೊತ್ತು ಕೀಚು ಕೀಚು ಅಂದು ಬ್ಯಾಟರಿ ಖಾಲಿ ಮಾಡಿಕೊಂಡು ಸುಮ್ಮನಾಗುವುದು, ಅದರ ಹಿಂದೆಯೇ ಕಂಪ್ಯೂಟರ್. ಮೇಸ್ತ್ರಿ ಬಂದು ದಿನದ ಕೆಲಸ ಹೇಳಿ ಮಾರನೆಯ ದಿನದ್ದನ್ನು ಕೇಳಿಕೊಂಡು ಹೋಗುವ ಹೊತ್ತೂ ಅದೇ. ತೋಟದ ಯಜಮಾನ ಬಾಯಿ ತೆರೆಯಬೇಕಾದ ಗಳಿಗೆಯಲ್ಲೇ ಪ್ರತಿದಿನ ಅವರ ಬಾಯಿ ಕಟ್ಟುತ್ತಿತ್ತು. ಬರೆದದ್ದೂ ಅಳಿಸಿಹೋಗುತ್ತಿತ್ತು. ಕೆಲವು ದಿನಗಳ ನಂತರ ಅಪ್ಪ ಸಂಜೆ ಅದರ ಮುಂದೆ ಕೂರುವುದನ್ನೇ ಬಿಟ್ಟರು. ಮೇಸ್ತ್ರಿ ಚಿಕ್ಕಪ್ಪನನ್ನು ಕೇಳತೊಡಗಿದ.

ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಮೋಟಾರು ಪಂಪುಗಳ ವಿಷಯದಲ್ಲಿ ಮನೆಗೆಲ್ಲ ತಜ್ಞ. ಅವರು ಕಂಪ್ಯೂಟರಿನ ಬೆನ್ನು ತಿರುಗಿಸಿ ನೋಡಿದಾಗ ಸಪ್ಲೈಯ ಹಿಂದೆ ಒಂದು ಪುಟ್ಟ ಕೆಂಪು ಸ್ವಿಚ್ಚು ಕಂಡಿತು. ಒಂದು ಕಡೆ ೨೩೦ ವೋಲ್ಟ್, ಇನ್ನೊಂದು ಕಡೆ ೧೧೫. ಅದು ಬೇರೆ ಬೇರೆ ದೇಶಗಳ ಕರೆಂಟಿಗಾಗಿ ಇಟ್ಟದ್ದು. ಆದರೆ ಸಂಜೆಯ ಕರೆಂಟು ಅರ್ಧಕ್ಕೆ ಇಳಿಯುವ ನಮ್ಮೂರಿನಲ್ಲಿ ಕೂತು ನೋಡಿದವರಿಗೆ ಅದರ ಅರ್ಥ ಬೇರೆ. ಇದು ನಮಗೋಸ್ಕರವೇ ಮಾಡಿದ್ದಲ್ಲವಾ ಅತ್ತಿಗೆ ಎಂದು ಚಿಕ್ಕಪ್ಪ ಅಮ್ಮನಿಗೆ ತೋರಿಸಿ, ಯು.ಪಿ.ಎಸ್. ಕಿತ್ತು ನೇರ ಗೋಡೆಗೆ ಸಿಕ್ಕಿಸಿ, ಸ್ವಿಚ್ಚನ್ನು ೧೧೫ಕ್ಕೆ ತಳ್ಳಿದರು. ಚಿಕ್ಕಪ್ಪನೇ ತಳ್ಳಿದ್ದೆಂದು ಆಗ ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಊರುಗೋಲಿನಿಂದ ತೋರಿಸಿ ತಳ್ಳಿಸಿದ್ದು ಅಪ್ಪನೇ ಎಂದು ಅಮ್ಮ. ದಿನಚರಿ ಬರೆದದ್ದೂ ನಾನೇ ಆದ್ದರಿಂದ ಅದನ್ನು ಸಾಕ್ಷಿ ಎನ್ನಲಾರೆ.

ಅದು ಕೆಲಸ ಮಾಡಿತು. ಕೆಂಡದ ಬಣ್ಣದ ಬಲ್ಬಿನ ಕೆಳಗೆ ಅಪ್ಪ ಸರಾಗ ಮಾತಾಡಿದರು. ಕರೆಂಟು ಏರುವ ಮೊದಲು ಸ್ವಿಚ್ಚನ್ನು ಮೊದಲಿನ ಕಡೆಗೆ ತಳ್ಳುವ ಹೊಣೆ ಚಿಕ್ಕಪ್ಪನದು. ಡಿಪ್ಲೊಮಾ ಮಾಡಿದವನಿಗೆ ಹೊಳೆಯದ್ದು ತನಗೆ ಹೊಳೆಯಿತೆಂದು ಅವರು ಬಣಕಲ್ ಪೇಟೆಯಲ್ಲಿ ಹೇಳಿಕೊಂಡು ಬಂದರು. ಒಂದು ಸಂಜೆ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಹಣ್ಣು ಕಮ್ಮಿ ಇತ್ತೋ ಏನೋ, ಪಲ್ಪರ್ ಬೇಗ ನಿಂತಿತು. ಸ್ವಿಚ್ಚು ಇನ್ನೂ ೧೧೫ರಲ್ಲೇ ಇತ್ತು. ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಅದರ ಜೊತೆಗೇ ಪಟಾಕಿಯಂಥ ಸದ್ದು, ಡಬ್ಬದಿಂದ ಹೊಗೆ, ಮೀನು ಸುಟ್ಟಂಥ ವಾಸನೆ.

ಅಪ್ಪ ಆಗ, ನಾಳೆಯಿಂದ ತೋಟದ ಕೆಳಗಿನ ಪಟ್ಟೆಯಲ್ಲಿ, ಎಂಬಷ್ಟನ್ನು ಮಾತ್ರ ಬರೆದಿದ್ದರು. ಕೊಯ್ಲು ಶುರು ಮಾಡಿ ಅಂತಲ್ಲವಾ ಎಂದರು ಚಿಕ್ಕಪ್ಪ. ಅಮ್ಮ, ಅಲ್ಲ, ಪೈಪ್ ಎಳೆಯಿರಿ ಅಂತ ಎಂದಳು. ನಾನೂ ಏನೋ ಒಂದು ಹೇಳಿದೆ. ಅಪ್ಪ ಯಾವುದಕ್ಕೂ ತಲೆ ಆಡಿಸಲಿಲ್ಲ. ಎದ್ದು ಹೋಗಿ ಮಲಗಿದರು. ಮಾರನೆಯ ದಿನ, ಅದರ ಮಾರನೆಯ ದಿನ, ಹೌದು ಅಲ್ಲ ಎಂಬ ತಲೆಯಾಡಿಕೆಯನ್ನೂ ನಿಲ್ಲಿಸಿದರು. ಊಟಕ್ಕೆ ಕರೆದರೆ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಆಪರೇಷನ್ನಿನ ನಂತರದ ಮೌನಕ್ಕೆ ವೈದ್ಯರು ಕಾರಣ. ಈ ಮೌನವನ್ನು ಅಪ್ಪ ತಾವೇ ಆರಿಸಿಕೊಂಡ ಹಾಗಿತ್ತು. ಅದಕ್ಕೇ ನಮಗೆ ಹೆದರಿಕೆಯಾಯಿತು.

ಫೋನು ಮಾಡಿದ ಮಾರನೆಯ ದಿನವೇ ಅಂಗಡಿಯಣ್ಣ ಬಸ್ಸಿಳಿದು ನಡೆದು ಬಂದರು. ಡಬ್ಬ ಬಿಚ್ಚಿ, ಕೆಂಪು ಸ್ವಿಚ್ಚು ಯಾವ ಕಡೆಗಿದೆ ಎಂದು ನೋಡಿದರು. ಚಿಕ್ಕಪ್ಪನಿಗೆ ಪಲ್ಪರ್ ಮನೆಯಲ್ಲಿ ಅರ್ಜೆಂಟು ಕೆಲಸ ನೆನಪಾಯಿತು. ಯಾರು ಮುಟ್ಟಿದಿರಿ ಎಂದು ಅವರು ಕೇಳುತ್ತಾರೆಂದು ನಾನು ಕಾದೆ. ಅವರು ಅಪ್ಪನ ಕಡೆ ತಿರುಗಿದರು.

"ತಪ್ಪು ನಂದು ಗೌಡ್ರೆ. ಡಬ್ಬಕ್ಕೆ ಎಷ್ಟು ಬೇಕು ಅಂತ ಕೂಡಿಸ್ದೆ. ನಿಮ್ಮನೆಗೆ ಎಷ್ಟು ಬರತ್ತೆ ಅಂತ ಕೇಳ್ಲಿಲ್ಲ."

ಅಪ್ಪ ಗೋಡೆ ನೋಡುತ್ತಿದ್ದರು.

ಆವತ್ತು ಅವರು ಸಂಜೆಯವರೆಗೆ ಉಳಿದರು. ಜೊತೆಗೆ ತಂದಿದ್ದ ಬೇರೆ ಸಪ್ಲೈ ಒಂದನ್ನು ಹೊರಗಿಂದಲೇ ಜೋಡಿಸಿ, ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ, ಕುರ್ಚಿ ಹಾಕಿಕೊಂಡು ಪಲ್ಪರ್ ಶುರುವಾಗುವುದನ್ನೇ ಕಾದರು. ಗುಡ್ಡದಾಚೆ ಮೊದಲ ಮೋಟಾರು ಗುಂಯ್ ಎಂದಿತು, ಆಮೇಲೆ ಇನ್ನೊಂದು, ಆಮೇಲೆ ನಮ್ಮದು. ಮೀಟರಿನ ಮುಳ್ಳು ಇಳಿಯುತ್ತಾ ಹೋಯಿತು, ಬಲ್ಬು ಕೆಂಪಾಯಿತು, ಕಂಪ್ಯೂಟರ್ ಸತ್ತಿತು. ಅವರು ಅದನ್ನು ನೋಡುತ್ತಲೇ ಇರಲಿಲ್ಲ. ಪರದೆಯನ್ನು ನೋಡುತ್ತಿದ್ದರು. ಅದು ಮಾತ್ರ ಆರದೆ, ಏನೂ ಬರುತ್ತಿಲ್ಲ ಎಂಬ ಸೂಚನೆ ತೋರಿಸುತ್ತಾ ಬೆಳಗಿಕೊಂಡೇ ಇತ್ತು. ಅವರ ವಿಭೂತಿ ಪಟ್ಟೆಗಳು ಮೇಲೇರಿದವು.

ಕಾರಣ ಆಮೇಲೆ ವಿವರಿಸಿದರು. ಮಾನಿಟರಿನ ಒಳಗೂ ಒಂದು ಸಪ್ಲೈ ಇದೆ. ಅದಕ್ಕೆ ಸ್ವಿಚ್ಚಿಲ್ಲ. ನೂರರಿಂದ ಇನ್ನೂರ ನಲವತ್ತರವರೆಗೆ ಯಾವ ಕರೆಂಟು ಬಂದರೂ ತಾನೇ ಹೊಂದಿಕೊಳ್ಳುತ್ತದೆ. ಕಂಪ್ಯೂಟರಿಗೂ ಅಂಥದೇ ಬೇಕು. ಆದರೆ ಪೇಟೆಯಲ್ಲಿ ಜೋಡಿಸುವ ಡಬ್ಬಗಳಿಗೆ ಅಂಥದು ಆಗ ಸಿಗುತ್ತಿರಲಿಲ್ಲ. ದೊಡ್ಡ ಕಂಪನಿಯ ಹಳೆಯ ಆಫೀಸ್ ಕಂಪ್ಯೂಟರುಗಳಲ್ಲಿ ಇರುತ್ತಿತ್ತು, ಅಂಥದೊಂದು ಅವರ ಅಂಗಡಿಯಲ್ಲೇ ಬಿಲ್ ಮಾಡುತ್ತಾ ಕೂತಿತ್ತು.

ಅದರ ಹೊಟ್ಟೆಯಿಂದ ಸಪ್ಲೈ ಬಿಚ್ಚಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮತ್ತೆ ಬಂದರು. ಅವರ ಅಣ್ಣ ಹೊಸದು ಸಿಗುವ ತನಕ ಕೈಯಲ್ಲೇ ಬಿಲ್ಲು ಬರೆಯಬೇಕಾಗಿ, ಮಠದವರು ಕೊನೆಗೂ ದಾನಕ್ಕೆ ಇಳಿದರು ಎಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ನಮ್ಮ ಕ್ಯಾಬಿನೆಟ್ಟಿಗೆ ಅದರ ಸ್ಕ್ರೂ ತೂತುಗಳು ಹೊಂದಲಿಲ್ಲ. ಜಗಲಿಯಲ್ಲಿ ಕೂತು ಅರದಿಂದ ಉಜ್ಜಿ ಹೊಂದಿಸಿದರು. ಅದರ ಮೇಲೆ ಇನ್ನೂರೈವತ್ತು ಎಂದಿತ್ತು. ಮುನ್ನೂರು ತೆಗೆದು ಇನ್ನೂರೈವತ್ತು ಹಾಕುವುದು ಯಾವ ನ್ಯಾಯ ಎಂದು ಚಿಕ್ಕಪ್ಪ ದೂರದಿಂದ ಕೇಳಿದರು. ಅಂಗಡಿಯಣ್ಣ ಬೆರಳು ಮಡಿಸಿ ಪ್ರೊಸೆಸರು, ಡಿಸ್ಕು, ಫ್ಯಾನು ಎಂದು ಕೂಡಿಸಿ ತೋರಿಸಿದರು. ಮೊತ್ತ ನೂರರ ಆಚೆ ಬಹಳ ದೂರ ಹೋಗಲಿಲ್ಲ. ಗೌಡರು ಇದರಲ್ಲಿ ಆಟ ಆಡುವವರಲ್ಲ, ಮಾತಾಡುವವರು, ಇದು ಧಾರಾಳ ಸಾಕು ಎಂದರು.

ಆಮೇಲೆ ಅಪ್ಪನ ಹತ್ತಿರ ಹೋಗಿ ನಿಂತು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ ಎಂದೇ ನಂಬಿಕೊಂಡಿದ್ದೇನೆ.

"ಕರೆಂಟ್ ಪೂರ್ತಿ ಹೋದ್ರೆ ನನ್ ಕೈಲಿ ಏನೂ ಆಗಲ್ಲ ಗೌಡ್ರೆ, ಆಗ ಸುಮ್ನಿರಿ. ಕರೆಂಟ್ ಇದ್ದೂ ನಿಮ್ಮ ಮಾತು ನಿಲ್ಬಾರ್ದು. ಬನ್ನಿ, ನೋಡಿ."

ಅಪ್ಪ ತಕ್ಷಣ ಏಳಲಿಲ್ಲ. ಪಲ್ಪರ್ ಶುರುವಾಗಿ ಬಲ್ಬು ಕೆಂಪಾದ ಮೇಲೆ, ಪರದೆ ಬೆಳಗಿಯೇ ಇರುವುದನ್ನು ಓರೆಗಣ್ಣಿನಲ್ಲಿ ನೋಡಿ ಎದ್ದು ಬಂದರು. ಬೆರಳು ಬಹಳ ಹೊತ್ತು ಗಾಳಿಯಲ್ಲೇ ನಡುಗಿತು. ಆಮೇಲೆ ಒಂದೊಂದೇ ಅಕ್ಷರ: ನಿಮ್ಮ ಅಂಗಡಿಯ ಬೋರ್ಡು ಓದಲಾಗದಷ್ಟು ಮಸಿ ಹಿಡಿದಿದೆ. ಮೊದಲು ಅದನ್ನು ಒರೆಸಿ.

ಅಂಗಡಿಯಣ್ಣ ನಗುವುದನ್ನು ನಾನು ಹಲವು ಸಲ ನೋಡಿದ್ದೇನೆ. ಅಷ್ಟು ಜೋರಾಗಿ ನಕ್ಕದ್ದು ಆವತ್ತು.

ಅಲ್ಲಿಂದಾಚೆ ಅವರ ಅಂಗಡಿಗೆ ಯಾರೇ ಹೋದರೂ, ಪಕ್ಕದ ತೋಟದವರು ಪಲ್ಪರ್ ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂಬುದು ಮೊದಲ ಪ್ರಶ್ನೆಯಾಯಿತು. ಮಗನಿಗೆ ಕಂಪ್ಯೂಟರ್ ಕೊಡಿಸಲು ಬಂದ ಕಳಸದ ಮೇಷ್ಟ್ರೊಬ್ಬರು, ನಾನು ಬಾಡಿಗೆ ಮನೆಯಲ್ಲಿರೋನು, ನನಗೆಲ್ಲಿ ಪಲ್ಪರ್ ಎಂದು ತಬ್ಬಿಬ್ಬಾದದ್ದನ್ನು ಕಣ್ಣಾರೆ ಕಂಡೆ. ಕೆಂಪು ಸ್ವಿಚ್ಚಿರುವ ಸಪ್ಲೈ ಕೊಡಲೇಬೇಕಾದಾಗ ಅದರ ಮೇಲೆ ದಪ್ಪ ಟೇಪು ಸುತ್ತಿ, ಬಿಚ್ಚಿದರೆ ನನ್ನ ಆಣೆ ಎನ್ನುತ್ತಿದ್ದರು. ವ್ಯಾಪಾರ ಬೆಳೆಯಿತೆಂದು ಬರೆಯಲು ಆಸೆ. ಬೆಳೆಯಲಿಲ್ಲ. ಅಗ್ಗದ ಡಬ್ಬಗಳನ್ನು ಮಾರಿದ ಇತರರೂ ಚೆನ್ನಾಗಿಯೇ ಇದ್ದರು. ಆ ಡಬ್ಬಗಳಲ್ಲಿ ಎಷ್ಟೋ ಏನೂ ಆಗದೆ ವರ್ಷಗಟ್ಟಲೆ ನಡೆದವು. ಅದನ್ನು ಅವರಿಗೇ ಹೇಳಿದ್ದೆ. ಎಷ್ಟೋ ನಡೆದವು, ಒಪ್ಪಿದೆ, ನಡೆಯದ್ದು ಯಾರ ಮನೆಗೆ ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ನಾನೂ ಮಾರುತ್ತಿದ್ದೆ ಎಂದಿದ್ದರು.

ತಿಂಗಳಿಗೊಮ್ಮೆಯಾದರೂ ಫ್ಯಾನಿನ ಧೂಳು ತೆಗೆಯುವ ನೆಪದಲ್ಲಿ ಬರುತ್ತಿದ್ದರು. ಧೂಳು ತೆಗೆಯಲು ಅರ್ಧ ಗಂಟೆ ಬೇಡ. ಅವರು ಮಧ್ಯಾಹ್ನವೆಲ್ಲ ಅಪ್ಪನ ಪಕ್ಕ ಕೂತಿರುತ್ತಿದ್ದರು. ಏನು ಮಾತಾಡುತ್ತಿದ್ದರು ಎಂದು ನಾನು ಗಮನವಿಟ್ಟು ಕೇಳಿಸಿಕೊಂಡಿಲ್ಲ. ಬೆಲೆ, ಮಳೆ, ರಾಜಕೀಯ ಇರಬೇಕು. ನಾನು ಕಾಫಿ ಕೊಟ್ಟು ಹೋಗುತ್ತಿದ್ದೆ.

ಕೆಲವು ವರ್ಷಗಳಾದ ಮೇಲೆ ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು ಒಳಗೆ ಕೂತವರು ಅಲ್ಲೇ ಕುಸಿದರಂತೆ. ಹೃದಯಾಘಾತ. ಐವತ್ತು ಆಗಿರಲಿಲ್ಲ. ಅವರ ಮನೆಯವರು ಶಿವಗಣಾರಾಧನೆಗೆ ಹೇಳಿಕಳಿಸಿದಾಗ ಅಪ್ಪ ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. ಏನೋ ಬರೆಯುತ್ತಾರೆಂದುಕೊಂಡೆವು. ಅವರು ತಂತಿ ಕೀಳತೊಡಗಿದರು. ಕಂಪ್ಯೂಟರನ್ನು ಮೂಡಿಗೆರೆಗೆ ಒಯ್ಯಬೇಕು, ಅಲ್ಲಿ ಮಾತಾಡಬೇಕು. ಅಷ್ಟು ಜನರ ಮುಂದೆ ಹೀಗೆ ಕುಟ್ಟುತ್ತಾ ಕೂರುವುದು ಚೆನ್ನಾಗಿರದು ಎಂದು ಚಿಕ್ಕಪ್ಪ ತಡೆಯಲು ನೋಡಿದರು. ಅಪ್ಪ ಜೀಪು ಹತ್ತಿ ಕೂತಾಗಿತ್ತು.

ಪೂಜೆ, ಊಟ ಆದ ಮೇಲೆ ನಡುಮನೆಯಲ್ಲಿ ಜನ ಸೇರಿ ತೀರಿಕೊಂಡವರ ಬಗ್ಗೆ ಎರಡೆರಡು ಮಾತು ಆಡುತ್ತಿದ್ದರು. ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಅಪ್ಪನ ಸರದಿ ಬಂದಾಗ ಪರದೆಯನ್ನು ಜನರ ಕಡೆಗೆ ತಿರುಗಿಸಿಟ್ಟೆವು. ಅಪ್ಪ ಪಕ್ಕದಲ್ಲಿ ಕೂತು ಕುಟ್ಟಲು ಶುರುಮಾಡಿದರು. ಒಂದು ಅಕ್ಷರ, ಇನ್ನೊಂದು. ಜನ ಮೊದಲು ಕುತೂಹಲದಿಂದ ನೋಡಿದರು. ಆಮೇಲೆ ಸಂಕಟಪಟ್ಟರು. ನಾನೂ ಪಟ್ಟೆ.

ಪರದೆಯ ಮೇಲೆ ಬಂದದ್ದು ಇಷ್ಟು: ನಾನು ಅರ್ಧ ಬರೆಯುವಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿಬಿಡುತ್ತದೆ. ನನ್ನ ಹೆಂಡತಿ, ತಮ್ಮ, ಮಗಳು ಎಲ್ಲರೂ ಉಳಿದರ್ಧವನ್ನು ತಾವೇ ಹೇಳಿ ಮುಗಿಸುತ್ತಾರೆ. ಇವರು ಹಾಗೆ ಮಾಡಲಿಲ್ಲ. ಒಂದು ದಿನವೂ ಮಾಡಲಿಲ್ಲ. ಕೈ ತೆಗೆಯುವ ತನಕ ಕಾಯುತ್ತಿದ್ದರು.

ವ್ಯಾಟ್‌ಗಳ ಲೆಕ್ಕ, ಅಂಗೈಯ ತೂಕ, ಹಣೆಯ ಬೂದಿ ಎಲ್ಲ ನೆನಪಿಟ್ಟುಕೊಂಡ ನನಗೆ ಇದು ತಿಳಿದಿರಲಿಲ್ಲ. ಅಪ್ಪನ ಪಕ್ಕದಲ್ಲಿ ಅವರು ಕೈಕಟ್ಟಿ, ಬಾಯಿ ಮುಚ್ಚಿ, ಬೆರಳನ್ನೇ ನೋಡುತ್ತಾ ಕೂತ ಚಿತ್ರ ಈಗ ನನಗೆ ಸ್ಪಷ್ಟವಾಗಿ ಕಾಣುತ್ತದೆ. ನಾನು ಕಂಡದ್ದೋ, ಅಪ್ಪನ ಆ ಸಾಲುಗಳು ತಂದಿಟ್ಟದ್ದೋ ಹೇಳಲಾರೆ.

ಅಷ್ಟಾದರೂ ಅಪ್ಪನ ಬೆರಳು ಕೀಲಿಗಳ ಮೇಲೇ ನಡುಗುತ್ತಿತ್ತು. ಹಿಂದಿನಿಂದ ಯಾರೋ, ನಿಜ ಗೌಡ್ರೆ, ಅವರ ತಾಳ್ಮೆ ಅಂದ್ರೆ, ಎಂದು ಶುರುಮಾಡಿದರು. ಅಂಗಡಿಯಣ್ಣನ ಹೆಂಡತಿ ತಲೆ ಎತ್ತದೆ, ಕೈಯೊಂದನ್ನು ಮಾತ್ರ ಎತ್ತಿ ಅವರನ್ನು ತಡೆದರು. ಅಪ್ಪ ಮುಂದಿನ ಅಕ್ಷರವನ್ನು ಹುಡುಕುತ್ತಿದ್ದರು. ನಾವೆಲ್ಲ ಕಾದೆವು.